ನವೆಂಬರ್ ಅಲ್ಲ, ಜೂನ್ ನೋಡಿ
ಅಮೆರಿಕದ ಯೂಟಾ ರಾಜ್ಯದಲ್ಲಿ ಹೇಗಿದ್ರೂ ರಿಪಬ್ಲಿಕನ್ನರೇ ಗೆಲ್ಲೋದು, ಹೊಸಬರ ವೋಟಿಗೆ ಬೆಲೆ ಇಲ್ಲ ಅಂತ ಬರ್ದಿದೀರಲ್ಲ ಸರ್, ಆ ಮಾತು ನಾನು ಒಪ್ಪಲ್ಲ. 1964ರ ನಂತರ ಪ್ರೆಸಿಡೆಂಟ್ ಎಲೆಕ್ಷನ್ನಲ್ಲಿ ಇಲ್ಲಿ ಡೆಮಾಕ್ರಾಟ್ ಗೆದ್ದಿಲ್ಲ, ಅದು ನಿಜಾನೇ. ಆದ್ರೆ ಅಸಲಿ ಫೈಟ್ ಇರೋದು ಜೂನ್ ಪ್ರೈಮರಿಲಿ, ಅಂದ್ರೆ ನವೆಂಬರ್ ಎಲೆಕ್ಷನ್ನಿಗೆ ಪಾರ್ಟಿ ಕ್ಯಾಂಡಿಡೇಟ್ ಯಾರು ಅಂತ ವೋಟರ್‌ಗಳೇ ಆರಿಸೋ ಚುನಾವಣೇಲಿ. 2024ರಲ್ಲಿ ಗವರ್ನರ್ ಸ್ಪೆನ್ಸರ್ ಕಾಕ್ಸ್‌ನ ಕೈಬಿಟ್ಟು ರಿಪಬ್ಲಿಕನ್ ಪಾರ್ಟಿ ಕನ್ವೆನ್ಷನ್ (ಸಮಾವೇಶ) ಡೆಲಿಗೇಟ್‌ಗಳು ಅದೇ ಪಾರ್ಟಿಯ ಫಿಲ್ ಲೈಮನ್‌ನ ಆರಿಸಿದ್ರು, ಕಾಕ್ಸ್ ವೋಟರ್‌ಗಳ ಸಹಿ ಸಂಗ್ರಹಿಸಿದ್ರಿಂದ ಪ್ರೈಮರಿಗೆ ಬಂದು ಅಲ್ಲಿ ಸಾಮಾನ್ಯ ವೋಟರ್‌ಗಳು ಅವರನ್ನೇ ಗೆಲ್ಲಿಸಿದ್ರು, ಅಂದ್ರೆ ವೋಟಿಗೆ ಬೆಲೆ ಇದೆ ತಾನೆ? ಸಮಸ್ಯೆ ಬೇರೆ ಕಡೆ ಇದೆ, ಆ ಪ್ರೈಮರಿ ರಿಪಬ್ಲಿಕನ್ ಅಂತ ರಿಜಿಸ್ಟರ್ ಆದೋರಿಗೆ ಮಾತ್ರ. ನಾನು ಸಿಟಿಜನ್ ಆದ್ಮೇಲೆ ಯಾವ ಪಾರ್ಟಿನೂ ಬೇಡ ಅಂತ ಬರೆಸಿದ್ದೆ, ಜೂನ್‌ನಲ್ಲಿ ಆ ಬ್ಯಾಲೆಟ್ ಮನೆಗೆ ಬರ್ಲೇ ಇಲ್ಲ. ಪಕ್ಕದ್ಮನೆಯವರು ಆ ಡೆಲಿಗೇಟ್‌ಗಳನ್ನ ಆರಿಸೋ ಪಾರ್ಟಿಯ ಏರಿಯಾ ಸಭೆ, ಅಂದ್ರೆ ಕಾಕಸ್ ಮೀಟಿಂಗ್‌ಗೆ ಬನ್ನಿ ಅಂತ ಕರ್ದಿದ್ರು, ಹೋಗ್ಬೇಕಿತ್ತು ಅಂತ ಈಗ್ಲೂ ಅನ್ಸುತ್ತೆ.