ಕಾಯಿಲೆ ನಿಜ, ಸೀನ್ ಸುಳ್ಳು: ಬಯೋಪಿಕ್‌ಗಳಿಗೆ ಇಷ್ಟು ಸಲುಗೆ ಕೊಡಬಹುದಾ?

ಪರ

ಗಣಿತಜ್ಞ ಜಾನ್ ನ್ಯಾಶ್ ಅವರಿಗೆ ಸ್ಕಿಜೋಫ್ರೇನಿಯಾ ಅನ್ನುವ ಮಾನಸಿಕ ಕಾಯಿಲೆ ಇದೆ ಅಂತ ಡಾಕ್ಟರುಗಳು ಹೇಳಿದ್ದು 1959ರಲ್ಲಿ. ಅವರನ್ನು ಕಾಡಿದ್ದು ಮುಖ್ಯವಾಗಿ ವಿಚಿತ್ರ ನಂಬಿಕೆಗಳು, ಆಮೇಲೆ ಬೇರೆ ಯಾರಿಗೂ ಕೇಳಿಸದ ಧ್ವನಿಗಳು. ಅವರ ಬದುಕಿನ ಬಗ್ಗೆ 2001ರಲ್ಲಿ ಬಂದ ಬಯೋಪಿಕ್, ಅಂದರೆ ಜೀವನಕಥೆಯ ಸಿನಿಮಾ, ‘ಎ ಬ್ಯೂಟಿಫುಲ್ ಮೈಂಡ್’ ಇದನ್ನು ಇದ್ದ ಹಾಗೆ ತೋರಿಸಲಿಲ್ಲ. ಒಬ್ಬ ರೂಮ್‌ಮೇಟ್, ಅವನ ಅಕ್ಕನ ಮಗಳು, ಒಬ್ಬ ಸರ್ಕಾರಿ ಏಜೆಂಟ್, ಹೀಗೆ ಮೂರು ಜನರನ್ನು ಹುಟ್ಟಿಸಿ ಕಣ್ಣೆದುರು ಓಡಾಡಿಸಿತು. ಸುಳ್ಳು ಅಲ್ವಾ ಅಂದರೆ ಹೌದು, ಸುಳ್ಳೇ. ಆದರೂ ನಾನು ಸಿನಿಮಾದ ಪರವೇ.

ಯಾಕೆಂದರೆ ಅರ್ಧ ಸಿನಿಮಾದ ತನಕ ನಾವೂ ಆ ರೂಮ್‌ಮೇಟ್‌ನನ್ನು ನಂಬಿರುತ್ತೇವೆ. ಅವನು ಇರಲೇ ಇಲ್ಲ ಅಂತ ಗೊತ್ತಾದಾಗ ಒಂದು ಕಸಿವಿಸಿ ಆಗುತ್ತದಲ್ಲ, "ಅದೆಲ್ಲ ಬರೀ ಭ್ರಮೆ, ಸುಮ್ನೆ ತಲೆಯಿಂದ ತೆಗೆದುಹಾಕು" ಅಂತ ರೋಗಿಗೆ ಬುದ್ಧಿ ಹೇಳುವವರಿಗೆ ಮುಟ್ಟಬೇಕಾದದ್ದು ಅದೇ. ಆ ಪುಟ್ಟ ಹುಡುಗಿ ಇಷ್ಟು ವರ್ಷವಾದರೂ ಬೆಳೆದೇ ಇಲ್ಲ ಅಂತ ನ್ಯಾಶ್‌ಗೆ ಹೊಳೆದು, ಹೊರಟಿದ್ದ ಹೆಂಡತಿಯ ಕಾರಿಗೆ ಅಡ್ಡ ಬಂದು ಅದನ್ನು ಹೇಳುವ ಸೀನ್ ಇದೆ. ಲೆಕ್ಕ ಮಾಡುವ ತಲೆ ತನ್ನ ಕಾಯಿಲೆಯಲ್ಲೂ ಲೆಕ್ಕ ಹಿಡಿಯಿತು. ಹತ್ತು ಪುಟ ವಿವರಣೆ ಓದಿದರೂ ಇಷ್ಟು ತಿಳಿಯುವುದಿಲ್ಲ.

ಇನ್ನು 1963ರಲ್ಲಿ ಆದ ಡೈವೋರ್ಸ್ ತೋರಿಸಿಲ್ಲ ಅನ್ನುವ ದೂರು. ಸರಿ, ತೋರಿಸಿಲ್ಲ. ಎರಡು ಗಂಟೆ ಚಿಲ್ಲರೆಯಲ್ಲಿ ಏನೇನು ಹಿಡಿಸುತ್ತೀರಿ?

ಮಾತ್ರೆ ವಿಷಯ ಮಾತ್ರ ದೊಡ್ಡದು. ನ್ಯಾಶ್ 1970ರ ನಂತರ ಮಾತ್ರೆ ತೆಗೆದುಕೊಳ್ಳಲಿಲ್ಲ. ಸಿನಿಮಾದ ನ್ಯಾಶ್ 1994ರಲ್ಲಿ, ನೊಬೆಲ್ ಬರುವ ಹೊತ್ತಿಗೆ, ಹೊಸ ಔಷಧಿ ತೆಗೆದುಕೊಳ್ಳುತ್ತಿದ್ದೇನೆ ಅನ್ನುತ್ತಾನೆ. ಈ ಸುಳ್ಳನ್ನಂತೂ ನಾನು ಒಪ್ಪುತ್ತೇನೆ. ಥಿಯೇಟರಿನಲ್ಲಿ ಕೂತ ಒಬ್ಬರಾದರೂ ರಾತ್ರಿ ಮನೆಗೆ ಹೋಗಿ ಇಂಥದ್ದೇ ಮಾತ್ರೆ ನುಂಗಬೇಕಾದವರು ಇರುತ್ತಾರೆ. ಹೀರೋ ಬಿಟ್ಟ ಅಂತ ಅವರೂ ಬಿಟ್ಟರೆ?

ವಿರೋಧ

ನನ್ನ ಚಿಕ್ಕಪ್ಪನಿಗೆ ಇದೇ ಕಾಯಿಲೆ. ಆ ಸಿನಿಮಾ ನೋಡಿದ ನೆಂಟರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಯಾರು ಕಾಣಿಸ್ತಾರೆ?" ಯಾರೂ ಕಾಣಿಸುತ್ತಿರಲಿಲ್ಲ. ಒಂದು ಗಂಡು ಧ್ವನಿ ಅವರು ಮಾಡಿದ್ದನ್ನೆಲ್ಲ ವರದಿ ಮಾಡುತ್ತಿತ್ತು. ಈಗ ಲೋಟ ಎತ್ತಿದ, ಈಗ ನೀರು ಕುಡಿದ, ಈಗ ಕೆಳಗಿಟ್ಟ. ದಿನವಿಡೀ. "ಕಾಣಿಸಲ್ಲ, ಕೇಳಿಸುತ್ತೆ" ಅಂದರೆ ನೆಂಟರ ಮುಖ ಸಪ್ಪೆ. ಹಾಗಾದರೆ ಅಷ್ಟೇನೂ ಜೋರಿಲ್ಲ ಬಿಡಿ ಅಂತ ಒಬ್ಬರು ಸಮಾಧಾನ ಬೇರೆ ಹೇಳಿದರು!

ಧ್ವನಿಯನ್ನು ತೆರೆಗೆ ತರೋಕೆ ಆಗಲ್ಲ ಅನ್ನುವುದು ನೆಪ. ಅಮೆರಿಕದ ಬ್ಯಾಂಡ್ ಬೀಚ್ ಬಾಯ್ಸ್‌ನ ಹಾಡುಗಾರ ಬ್ರಯನ್ ವಿಲ್ಸನ್ (ಅವರಿಗೂ ಧ್ವನಿಗಳು ಕೇಳಿಸುತ್ತಿದ್ದವು) ಬಗ್ಗೆ ಬಂದ ಸಿನಿಮಾ ‘ಲವ್ ಅಂಡ್ ಮರ್ಸಿ’ಯಲ್ಲಿ ಊಟದ ಸೀನ್ ನೋಡಿ. ಎಲ್ಲರೂ ಉಣ್ಣುತ್ತಿದ್ದಾರೆ, ಚಾಕು ಫೋರ್ಕು ತಟ್ಟೆಗೆ ತಾಗುವ ಸದ್ದು ಏರುತ್ತಾ ಏರುತ್ತಾ ಹೋಗಿ ನಮಗೇ ಎದ್ದು ಓಡಿಹೋಗಬೇಕು ಅನ್ನಿಸುತ್ತದೆ. ಅಲ್ಲಿ ಇಲ್ಲದ ಮನುಷ್ಯರನ್ನು ಯಾರೂ ತಂದು ಕೂರಿಸಿಲ್ಲ.

ಮಾತ್ರೆಯ ಸುಳ್ಳು ಒಳ್ಳೆಯದಕ್ಕೇ ಹೇಳಿದ್ದು ಅಂತಾರೆ. ಆದರೆ ನಿಜ ಸಂಗತಿಯೂ "ಮಾತ್ರೆ ಬಿಡಿ, ನೊಬೆಲ್ ಬರುತ್ತೆ" ಅನ್ನುವುದಿಲ್ಲವಲ್ಲ. ನ್ಯಾಶ್ ವರ್ಷಗಟ್ಟಲೆ ಅಮೆರಿಕದ ಯೂನಿವರ್ಸಿಟಿ ಪ್ರಿನ್ಸ್‌ಟನ್‌ನಲ್ಲಿ ಅಲೆದಾಡುತ್ತಾ, ಕರಿಹಲಗೆಯ ಮೇಲೆ ಅರ್ಥವಾಗದ ಏನೇನೋ ಬರೆಯುತ್ತಾ ಇದ್ದರು. ಡೈವೋರ್ಸ್ ಆದ ಹೆಂಡತಿ ಅಲಿಶಿಯಾ ಅವರೇ 1970ರಲ್ಲಿ ಮನೆಗೆ ಸೇರಿಸಿಕೊಂಡರು. ಯೂನಿವರ್ಸಿಟಿಯವರು ಓಡಿಸಲಿಲ್ಲ. ಹಾಗೆ ಇದ್ದೂ ಇದ್ದೂ ನಿಧಾನಕ್ಕೆ ಸುಧಾರಿಸಿದರು. 2001ರಲ್ಲಿ ಇಬ್ಬರೂ ಮತ್ತೆ ಮದುವೆಯಾದರು. ಡೈವೋರ್ಸ್ ಕತ್ತರಿಸಿದರೆ ಇದೂ ಹೋಯಿತು. ಕಾಯಿಲೆಯವರ ಮನೆಯಲ್ಲಿ ಇರುವವರಿಗೆ ಇದಕ್ಕಿಂತ ಜಾಸ್ತಿ ಬೇಕಾದ ಕಥೆ ಯಾವುದಿದೆ?

ಕೆಲವು ಸಿನಿಮಾದವರು ಇನ್ನೂ ಮುಂದೆ ಹೋಗುತ್ತಾರೆ. ಮಾನಸಿಕ ಆಸ್ಪತ್ರೆಗೆ ಸೇರಿಸಲಾಗಿದ್ದ ಹಾಲಿವುಡ್ ನಟಿ ಫ್ರಾನ್ಸಿಸ್ ಫಾರ್ಮರ್ ಬಗ್ಗೆ 1982ರಲ್ಲಿ ಬಂದ ಸಿನಿಮಾ ಆಕೆಗೆ ಮಿದುಳಿನ ಆಪರೇಷನ್ ಮಾಡಿಸಿತು. ಹಾಗೆ ಆಗಿತ್ತು ಅನ್ನುವುದಕ್ಕೆ ದಾಖಲೆ ಇಲ್ಲ. ಆಕೆ ತೀರಿಹೋಗಿ ಆಗಲೇ 12 ವರ್ಷ, ಅಲ್ಲ ಅನ್ನೋಕೆ ಯಾರಿದ್ದರು?

ಆ ಕಡೆಯವರು ಮೆಚ್ಚಿಕೊಂಡ ಪುಟ್ಟ ಹುಡುಗಿಯ ಸೀನನ್ನು ಚಿಕ್ಕಪ್ಪನೂ ನೋಡಿದರು. ನೋಡಿ ನಕ್ಕರು. "ಮುಖ ಇದ್ದಿದ್ರೆ ನಾನೂ ಹಿಡಿದುಬಿಡ್ತಿದ್ದೆ ಕಣೋ. ಧ್ವನಿಗೆ ವಯಸ್ಸಾಯ್ತೋ ಇಲ್ವೋ ಅಂತ ಹೇಗೆ ನೋಡೋದು?"