25ನೇ ಬಾಗಿಲು

ಅಪ್ಪನಿಗೆ ಎಪ್ಪತ್ತು ತುಂಬುತ್ತಿತ್ತು. ಭೀಮರಥ ಶಾಂತಿ ಮಾಡಿಸುವುದೆಂದು ನಿಶ್ಚಯವಾಗಿ ಕೆಲಸಗಳು ಹಂಚಿಕೆಯಾದವು. ಪುರೋಹಿತರನ್ನು ಗೊತ್ತುಮಾಡುವುದು ತಮ್ಮನಿಗೆ, ಅಡುಗೆಯವರನ್ನು ಹಿಡಿಯುವುದು ನನ್ನ ಹೆಂಡತಿಗೆ, ದೂರದ ನೆಂಟರಿಗೆ ಇಮೇಲ್‌ನಲ್ಲಿ ಕರೆಯೋಲೆ ಕಳಿಸುವುದು ನನಗೆ. ಕೆಡಿಸಲು ಅವಕಾಶವೇ ಇಲ್ಲದ ಕೆಲಸವನ್ನು ಹುಡುಕಿ ನನಗೆ ಕೊಟ್ಟಿದ್ದರು.

ಅದೇ ತಿಂಗಳು ನಾನು ಮನೆಯಲ್ಲೇ ಮೇಲ್ ಸರ್ವರ್, ಅಂದರೆ ಇಮೇಲ್‌ಗಳ ಸ್ವಂತ ಅಂಚೆ ಕಚೇರಿ, ಕಟ್ಟಿದ್ದೆ. ಅಟ್ಟದಲ್ಲಿದ್ದ ಹಳೆಯ ಲ್ಯಾಪ್‌ಟಾಪ್ ಇಳಿಸಿ, ಧೂಳು ಒರೆಸಿ, ಲಿನಕ್ಸ್ ಹಾಕಿ, ಪತ್ರ ಸಾಗಿಸುವ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶವನ್ನು ಅದರಲ್ಲಿ ಪ್ರತಿಷ್ಠಾಪಿಸಿ, ಮೋಡೆಮ್ ಇರುವ ಗೂಡಿನಲ್ಲೇ ಕೂರಿಸಿದ್ದೆ. ನಮ್ಮ ಮನೆತನದ ಹೆಸರಿನಲ್ಲೇ ಡೊಮೈನ್. ನಮ್ಮ ಮನೆಯ ಪತ್ರ ಯಾರದೋ ಕಪಾಟಿನಲ್ಲಿ ಏಕಿರಬೇಕು ಎಂಬುದು ನನ್ನ ವಾದ. “ರೀ, ಇರುವ ಜಿಮೇಲ್‌ಗೆ ಏನಾಗಿದೆ?” ಎಂಬುದು ಹೆಂಡತಿಯ ವಾದ. ಪುಣೆಯಿಂದ ಚಿಕ್ಕಮ್ಮನ ಮಗ ಕಳಿಸಿದ ಮೊದಲ ಪತ್ರ ಬಂದು ಬಿದ್ದಾಗ ನನಗೆ ಕೋಡು ಮೂಡಿತು. ಒಳಗೆ ಬರುವ ದಾರಿ ಸರಿಯಿದ್ದ ಮೇಲೆ ಹೊರಗೆ ಹೋಗುವ ದಾರಿಯೂ ಸರಿಯಿದ್ದೇ ಇರುತ್ತದೆಂದು ನಂಬಿ, ಭಾನುವಾರ ಸಂಜೆ 42 ಮಂದಿಗೆ ಕರೆಯೋಲೆ ಕಳಿಸಿ ನಿಶ್ಚಿಂತೆಯಿಂದ ಮಲಗಿದೆ.

ಯಾರಿಂದಲೂ ಉತ್ತರ ಬರಲಿಲ್ಲ. ನಮ್ಮ ನೆಂಟರ ಸ್ವಭಾವ ಬಲ್ಲವನಾದ್ದರಿಂದ ನನಗೆ ಅದು ವಿಶೇಷವೆನಿಸಲಿಲ್ಲ. ಶುಕ್ರವಾರ ರಾತ್ರಿ ಮಾತ್ರ ಒಟ್ಟಿಗೇ 42 ಪತ್ರಗಳು ಬಂದವು. ಕಳಿಸಿದವರ ಹೆಸರು ಎಲ್ಲದರಲ್ಲೂ ಒಂದೇ: ‘ಮೇಲರ್ ಡೀಮನ್’. ಹಿಂದಿನಿಂದ ಇಣುಕಿದ ಹೆಂಡತಿ, “ಹೇಗೂ ಶಾಂತಿ ಮಾಡಿಸುತ್ತಿದ್ದೇವಲ್ಲ, ಇದನ್ನೂ ಸೇರಿಸಿಯೇ ಮಾಡಿಸಿಬಿಡೋಣ” ಎಂದಳು.

ಡೀಮನ್ ಎಂದರೆ ಇಲ್ಲಿ ತೆರೆಮರೆಯಲ್ಲಿ ದುಡಿಯುವ ತಂತ್ರಾಂಶ; ಆ ಹೆಸರಿನಲ್ಲಿ ಬರೆದದ್ದು ಪೋಸ್ಟ್‌ಫಿಕ್ಸೇ. ಅದು ಭೂತವಲ್ಲ, ತೀರಾ ಸಾತ್ವಿಕ ಆಳು. ತಲುಪಿಸಲಾಗದ ಪತ್ರವನ್ನು ಸರದಿಯಲ್ಲಿಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ನಾವೇ ಬದಲಿಸದಿದ್ದರೆ ಅದರ ತಾಳ್ಮೆಯ ಅವಧಿ 5 ದಿನ. ಆಮೇಲೆ ಕೈಚೆಲ್ಲಿ, ಬರೆದವನಿಗೇ ವಾಪಸ್. ಅದರ ದಿನಚರಿ ತೆರೆದು ನೋಡಿದರೆ ಪ್ರತಿ ಸಾಲಿನ ಕೊನೆಯಲ್ಲೂ ‘ಕನೆಕ್ಷನ್ ಟೈಮ್ಡ್ ಔಟ್’, ಅಂದರೆ ಕಾದರೂ ಸಂಪರ್ಕ ಸಿಗಲಿಲ್ಲ ಎಂದು. ಸಂಪರ್ಕ ಸಿಗುತ್ತದೆಯೇ ಎಂದು ನೋಡಲು ಟೆಲ್ನೆಟ್ ಎಂಬ ಆಜ್ಞೆ ಹಾಕಿ, ಹೊರಗಿನ ಸರ್ವರ್ ಒಂದರ 25ನೇ ಪೋರ್ಟನ್ನು, ಅಂದರೆ ಸರ್ವರ್‌ಗಳು ಪರಸ್ಪರ ಪತ್ರ ಕೊಡುವ ಬಾಗಿಲನ್ನು, ತಟ್ಟಿದೆ. ‘ಟ್ರೈಯಿಂಗ್’ ಎಂಬ ಒಂದು ಪದ ಬಂತು, ಅದರ ಕೆಳಗೆ ಕರ್ಸರ್ ಕಣ್ಣು ಮಿಟುಕಿಸುತ್ತ ನಿಂತಿತು. ನಾನು ಕಾಫಿ ಮಾಡಿಕೊಂಡು ಬಂದೆ. ಇನ್ನೂ ಮಿಟುಕಿಸುತ್ತಿತ್ತು.

ಇಂಟರ್ನೆಟ್ ಕೊಟ್ಟವರಿಗೆ ಫೋನ್ ಮಾಡಿದೆ.

“ಸರ್, ಯೂಟ್ಯೂಬ್ ಬರುತ್ತಿದೆಯೇ?”

“ಬರುತ್ತಿದೆ.”

“ಹಾಗಾದರೆ ಇಂಟರ್ನೆಟ್ ಸರಿಯಾಗಿದೆ ಸರ್.”

ಇದಕ್ಕೆ ಎದುರು ವಾದ ನನ್ನಲ್ಲಿರಲಿಲ್ಲ. ಮೋಡೆಮ್ ಆರಿಸಿ ಹಚ್ಚುವ ಶಾಸ್ತ್ರ ಎರಡು ಬಾರಿ ಮುಗಿದ ಮೇಲೆ ಮೂರನೆಯವರೊಬ್ಬರು ನಿಜ ಹೇಳಿದರು: ಮನೆಯ ಸಂಪರ್ಕಗಳಿಗೆ ಹೊರಹೋಗುವ 25ನೇ ಪೋರ್ಟ್ ಮುಚ್ಚಿದೆ, ಬೇಕಿದ್ದರೆ ವ್ಯಾಪಾರಿ ಸಂಪರ್ಕ ತೆಗೆದುಕೊಳ್ಳಿ. ಅದರ ಬೆಲೆ ಕೇಳಿ ನಾನು ಧನ್ಯವಾದ ಹೇಳಿದೆ.

ಅವರ ಕಡೆಯ ನ್ಯಾಯವೂ ನನಗೆ ಗೊತ್ತಿತ್ತು. 1982ರಲ್ಲಿ ಇಮೇಲ್ ಸಾಗಿಸುವ ಎಸ್‌ಎಂಟಿಪಿ ಎಂಬ ಪದ್ಧತಿಯ ನಿಯಮ ಬರೆದಾಗ ಈ ಬಾಗಿಲಿಗೆ ಚಿಲಕವನ್ನೇ ಇಡಲಿಲ್ಲ. ಯಾರು ಯಾರ ಹೆಸರಿನಲ್ಲಿ ಬೇಕಾದರೂ ಪತ್ರ ಕೊಟ್ಟು ಹೋಗಬಹುದಿತ್ತು. ಮುಂದೆ ವೈರಸ್ ಹೊಕ್ಕ ಮನೆ ಕಂಪ್ಯೂಟರುಗಳು ಯಜಮಾನನಿಗೇ ತಿಳಿಯದಂತೆ ಕಸದ ಮೇಲ್‌ಗಳನ್ನು ರಾಶಿ ರಾಶಿ ಉಗುಳತೊಡಗಿದಾಗ, ಸಂಪರ್ಕ ಕೊಡುವವರು ಬಾಗಿಲನ್ನೇ ಮುಚ್ಚಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಾಗಿಲು ತೆರೆದಿದ್ದರೂ ಲಾಭವಿರಲಿಲ್ಲವೆನ್ನಿ. ಮನೆಯ ಇಂಟರ್ನೆಟ್ ಸಂಪರ್ಕಗಳಿಗೆ ಹಂಚುವ ಐಪಿ ವಿಳಾಸಗಳೆಂಬ ನಂಬರುಗಳಲ್ಲಿ ಬಹುಪಾಲನ್ನು ಕಸದ ಮೇಲ್ ತಡೆಯುವವರು ಮೊದಲೇ ಕಪ್ಪುಪಟ್ಟಿಗೆ ಸೇರಿಸಿರುತ್ತಾರೆ. ನಮ್ಮದೂ ಅದರಲ್ಲಿತ್ತು, ನಾನು ಒಂದು ಅಕ್ಷರ ಕಳಿಸುವ ಮೊದಲೇ.

ಆದರೂ ಎರಡು ರಾತ್ರಿ ಹಟ ಬಿಡಲಿಲ್ಲ. ಸೆಟ್ಟಿಂಗ್ ಒಂದನ್ನು ತಿರುಚುವುದು, ಪರೀಕ್ಷಾ ಪತ್ರ ಹಾಕುವುದು, ಮಿಟುಕುವ ಕರ್ಸರ್ ನೋಡುವುದು. ವಿಳಾಸಗಳ ಪಟ್ಟಿಯಲ್ಲಿ ಮೊದಲನೆಯದು ಸಾಗರದ ಸೋದರಮಾವನದಾದ್ದರಿಂದ ಪರೀಕ್ಷೆಗಳೆಲ್ಲ ಅವರಿಗೇ. ‘ಪರೀಕ್ಷೆ 1’ ಎಂದು ಶಿಸ್ತಾಗಿ ಆರಂಭವಾದ ಶೀರ್ಷಿಕೆಗಳು ರಾತ್ರಿ ಒಂದು ಗಂಟೆಯ ಹೊತ್ತಿಗೆ ಹಳಿ ತಪ್ಪಿದ್ದವು.

ಭಾನುವಾರ ಸೋತು, 587ನೇ ಪೋರ್ಟ್ ಮೊರೆಹೊಕ್ಕೆ. ಅಲ್ಲಿ ಹೆಸರು, ಪಾಸ್‌ವರ್ಡ್ ಕೇಳಿಯೇ ಒಳಗೆ ಬಿಡುತ್ತಾರಾದ್ದರಿಂದ ಅದನ್ನು ಯಾರೂ ಮುಚ್ಚಿರಲಿಲ್ಲ. ತಟ್ಟಿದೊಡನೆ ‘220’, ಅಂದರೆ ‘ಸಿದ್ಧ’, ಎಂದು ಓಗೊಟ್ಟಿತು. ದುಡ್ಡು ಕೊಟ್ಟು, ನಮ್ಮ ಪತ್ರ ಪಡೆದು ಮುಂದಕ್ಕೆ ಸಾಗಿಸುವ ಒಂದು ರಿಲೇ ಸೇವೆ ಹಿಡಿದು, ಡೊಮೈನ್‌ಗಳ ವಿಳಾಸಪುಸ್ತಕವಾದ ಡಿಎನ್‌ಎಸ್‌ನಲ್ಲಿ, ಪತ್ರ ನಮ್ಮದೇ ಎಂದು ಸಾಕ್ಷಿ ಹೇಳುವ ಎಸ್‌ಪಿಎಫ್, ಡಿಕೆಐಎಂ ದಾಖಲೆಗಳನ್ನು ಅಂಟಿಸಿ, ಪೋಸ್ಟ್‌ಫಿಕ್ಸ್‌ಗೆ ಇನ್ನು ಮುಂದೆ ಎಲ್ಲವನ್ನೂ ಅವರ ಕೈಗೆ ಕೊಡು ಎಂದು ಒಂದು ಸಾಲು ಬರೆದೆ. ನಮ್ಮ ಮನೆಯ ಪತ್ರ ಮತ್ತೆ ಯಾರದೋ ಕೈಗೇ ಹೋಯಿತು. ಹೆಂಡತಿಗೆ ಆ ಭಾಗವನ್ನು ವಿವರಿಸಲಿಲ್ಲ.

ಸರದಿಯಲ್ಲಿದ್ದುದನ್ನೆಲ್ಲ ಈಗಲೇ ಕಳಿಸು ಎಂದು ಆಜ್ಞೆ ಕೊಟ್ಟೆ. ಸರಸರನೆ ಹನ್ನೊಂದು ಪತ್ರ ಹೊರಟವು. ಹನ್ನೊಂದು ಏಕೆ, 42 ಇರಬೇಕಿತ್ತಲ್ಲ ಎಂದು ಯೋಚಿಸುತ್ತಿರುವಾಗಲೇ ಹೊಳೆಯಿತು: ಕರೆಯೋಲೆಗಳ ಅವಧಿ ಮುಗಿದು ಅವು ಶುಕ್ರವಾರವೇ ಸತ್ತಿದ್ದವು. ಈಗ ಹೋದವು ಪರೀಕ್ಷೆಗಳು.

ಐದು ನಿಮಿಷದಲ್ಲಿ ಸಾಗರದಿಂದ ಫೋನ್ ಬಂತು.

“ಏನಯ್ಯಾ,” ಎಂದರು ಮಾವ, “ಮೊದಲು ‘ಈಗಲಾದರೂ ಹೋಗು’ ಎಂದು ಬರೆದೆ. ಆಮೇಲೆ ‘ಹಾಳಾಗಿ ಹೋಗು’. ಕೊನೆಯದರಲ್ಲಿ ‘ಮೊದಲು ಈ ಮನೆ ಬಿಟ್ಟು ತೊಲಗು’. ತೊಲಗಲು ನನ್ನದೇನೂ ಅಡ್ಡಿಯಿಲ್ಲ. ಆದರೆ ನೀನಿನ್ನೂ ನನ್ನನ್ನು ಕರೆದೇ ಇಲ್ಲವಲ್ಲ?”