ಸದರಿ ಮನೆಯಲ್ಲಿ ಯಾರೂ ಇರುವುದಿಲ್ಲ

"ಮಾವ, ಮನೆಯಲ್ಲಿ ಯಾರೂ ಇಲ್ಲ ಅಂತ ಸಾಬೀತು ಮಾಡೋದು ಹೇಗೆ?"

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ಒಂದು ಸಂಜೆ ಫೋನ್ ಮಾಡಿ ಹೀಗೆ ಕೇಳಿದ. ಇದೇನು ನಮಗೆ ಗೊತ್ತಿಲ್ಲದ ವಿದ್ಯೆಯೇ? ಗಣಪತಿ ಹಬ್ಬ ಹತ್ತಿರ ಬಂತು ಅಂದರೆ ಶಿವಮೊಗ್ಗದ ಬೀದಿಗಳಲ್ಲಿ ಚಂದಾ ಪುಸ್ತಕ ಹಿಡಿದ ಹುಡುಗರು ಓಡಾಡುತ್ತಾರೆ. ಆಗ ವಿನೋಬನಗರದ ನಮ್ಮ ಮನೆಯಲ್ಲಿ ಚಪ್ಪಲಿಗಳು ಒಳಗೆ ಬರುತ್ತವೆ. ಟಿವಿ ಬಾಯಿ ಮುಚ್ಚುತ್ತದೆ. ಹೆಂಡತಿ ಓಡಿ ಹೋಗಿ ಕುಕ್ಕರ್ ಇಳಿಸುತ್ತಾಳೆ. ಅದು ಕೂಗಿಬಿಟ್ಟರೆ ಕೆಲಸ ಕೆಟ್ಟಿತು, ಅಲ್ವಾ? ಐದು ನಿಮಿಷ ಉಸಿರು ಹಿಡಿದು ಕೂತರೆ ಮನೆ ಖಾಲಿ. ಅಳಿಯನಿಗೂ ಇದನ್ನೇ ಹೇಳಿಕೊಟ್ಟೆ.

"ಅದಲ್ಲ ಮಾವ, ಇದು ನಿಜವಾಗ್ಲೂ ಖಾಲಿ ಇರೋ ಮನೆ" ಎಂದ.

ಹಾಗಾದರೆ ಕಷ್ಟವೇ. ಜನ ಇರುವ ಮನೆಯನ್ನು ಖಾಲಿ ಅಂತ ತೋರಿಸುವುದಕ್ಕೆ ಉಸಿರು ಹಿಡಿದರೆ ಸಾಕು. ಖಾಲಿ ಇರುವ ಮನೆಯನ್ನು ಖಾಲಿ ಅಂತ ತೋರಿಸುವುದಕ್ಕೆ ಕಾಗದ ಬೇಕು.

ವಿಷಯ ಇಷ್ಟು. ಅಳಿಯನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಸಾಮಾನೆಲ್ಲ ಲಾರಿಗೆ ಹೇರಿಕೊಂಡು ಹೊರಟ. ಹಳೇ ಮನೆಯನ್ನು ಮಾರುವುದೋ ಬಾಡಿಗೆಗೆ ಕೊಡುವುದೋ ಎಂದು ಗಂಡ ಹೆಂಡತಿ ನಡುವೆ ಇನ್ನೂ ತೀರ್ಮಾನ ಆಗಿಲ್ಲ. ಆಗುವ ಲಕ್ಷಣವೂ ಇಲ್ಲ. ಅಲ್ಲಿ ನಮ್ಮ ಮನೆಗಂದಾಯದ ಹಾಗೆ ಕೌನ್ಸಿಲ್ ಟ್ಯಾಕ್ಸ್ ಅಂತ ಒಂದಿದೆ, ಊರಿನ ಕೌನ್ಸಿಲ್‌ಗೆ ಕಟ್ಟಬೇಕು. ಸಾಮಾನಿಲ್ಲದೆ, ಜನರಿಲ್ಲದೆ ಖಾಲಿ ಬಿದ್ದ ಮನೆಗೆ ಸ್ವಲ್ಪ ಕಾಲ ರಿಯಾಯಿತಿ ಕೊಡಬಹುದು. ಕೊಡುವುದು ಬಿಡುವುದು ಆಯಾ ಕೌನ್ಸಿಲ್‌ನ ಇಷ್ಟ. ಅಳಿಯನ ಊರಿನವರು ಕೊಡುತ್ತೇವೆ ಎಂದಿದ್ದರು. ಆದರೆ ಮನೆ ಖಾಲಿ ಎನ್ನುವುದಕ್ಕೆ ಆಧಾರ ಏನು ಅಂತ ಕೇಳಿದ್ದರು.

ನಮ್ಮಲ್ಲಿ ಇಂಥ ತಲೆಬಿಸಿ ಇಲ್ಲ. ಏಪ್ರಿಲ್ ತಿಂಗಳೊಳಗೆ ಕಂದಾಯ ಕಟ್ಟಿದರೆ ಶೇಕಡಾ 5 ರಿಯಾಯಿತಿ. ಅದಕ್ಕೆ ಮನೆ ಖಾಲಿ ಇರಬೇಕಾಗಿಲ್ಲ, ಜೇಬು ಖಾಲಿ ಇರಬಾರದು ಅಷ್ಟೇ.

ಇಂಥ ಕಾಗದಪತ್ರದ ಪ್ರಶ್ನೆ ಬಂದರೆ ನಾನು ಹೋಗುವುದು ಪಕ್ಕದ ಮನೆಗೆ. ಅಲ್ಲಿ ನಿವೃತ್ತ ಆರ್‌ಐ ಸಾಹೇಬರಿದ್ದಾರೆ. ರೆವಿನ್ಯೂ ಇಲಾಖೆ ಬಿಟ್ಟು ಹನ್ನೊಂದು ವರ್ಷವಾದರೂ ಇಲಾಖೆ ಅವರನ್ನು ಬಿಟ್ಟಿಲ್ಲ. ಕಾಫಿಗೆ ಸಕ್ಕರೆ ಕಡಿಮೆಯಾದರೂ "ಸದರಿ ಕಾಫಿ" ಎನ್ನುತ್ತಾರೆ. ವಿಷಯ ಕೇಳಿ ಅವರ ಮುಖ ಅರಳಿತು.

"ಕರೆಂಟ್ ಬಿಲ್ ತೋರಿಸಬಹುದಲ್ವಾ ಸಾರ್? ಸೊನ್ನೆ ಇದ್ದರೆ ಯಾರೂ ಇಲ್ಲ ಅಂತ ತಾನೇ?" ಎಂದೆ.

"ನಿಮ್ಮ ಮನೆ ಬಿಲ್ ಎಷ್ಟು ಬರುತ್ತೆ?" ಎಂದು ಕೇಳಿದರು.

ಸುಮ್ಮನಾದೆ. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಫ್ರಿಜ್, ಗ್ರೈಂಡರ್, ಎರಡೆರಡು ಟಿವಿ ಇರುವ ನಮ್ಮ ಬೀದಿಗೂ ಮೆಸ್ಕಾಂ ಸೊನ್ನೆ ಬಿಲ್ ಕೊಡುತ್ತಿದೆ. ಅದನ್ನು ನಂಬಿದರೆ ವಿನೋಬನಗರದಲ್ಲಿ ಮನುಷ್ಯರ ಸುಳಿವೇ ಇಲ್ಲ.

"ಫೋಟೋ ಕಳಿಸಿದ್ದಾನಂತೆ."

"ಫೋಟೋದಲ್ಲಿ ಯಾರೂ ಇಲ್ಲ, ಒಪ್ಪಿದೆ. ಫೋಟೋ ತೆಗೆದವನು ಯಾರು?" ಎಂದರು ಆರ್‌ಐ. "ಇದಕ್ಕೆಲ್ಲ ಇರೋದು ಒಂದೇ ದಾರಿ. ಸ್ಥಳ ಮಹಜರು. ಪಂಚರು ಬೇಕು."

"ಪಂಚರು ಒಳಗೆ ಹೋದರೆ ಮನೆ ಖಾಲಿ ಹೇಗಾಗುತ್ತೆ ಸಾರ್?"

"ಪಂಚರನ್ನು ಹೊರತುಪಡಿಸಿ ಅಂತ ಬರೆದರಾಯ್ತು."

ಅಂತೂ ಒಂದು ಭಾನುವಾರ ಆರ್‌ಐ ಮನೆಯ ಜಗಲಿಯಲ್ಲಿ ಕೂತು ವಿಡಿಯೋ ಕಾಲ್‌ನಲ್ಲಿ ಮಹಜರು ನಡೆಯಿತು. ಪಂಚರು ನಾನು, ನನ್ನ ಹೆಂಡತಿ, ಆರ್‌ಐ ಅವರ ಪತ್ನಿ, ಪಿಯುಸಿ ಓದುವ ಅವರ ಮೊಮ್ಮಗಳು, ಮತ್ತು ಗ್ಯಾಸ್ ಸಿಲಿಂಡರ್ ತಂದು ಸಿಕ್ಕಿಬಿದ್ದ ಹುಡುಗ. ಅಲ್ಲಿ ಡಿಸೆಂಬರ್. ಸಂಜೆ ನಾಲ್ಕಕ್ಕೇ ಕತ್ತಲು. ಅಳಿಯ ಕೋಣೆಯಿಂದ ಕೋಣೆಗೆ ಹೋಗಿ ಲೈಟ್ ಹಾಕಿ ತೋರಿಸಿದ. ಸಿಲಿಂಡರ್ ಹುಡುಗ ಒಬ್ಬನೇ ಮನಸ್ಸಿಟ್ಟು ನೋಡಿದ, "ಅಟ್ಟದ ಮೇಲೂ ನೋಡಿಬಿಡಿ ಅಣ್ಣ" ಎಂದು ಸಲಹೆಯನ್ನೂ ಕೊಟ್ಟ. ಆರ್‌ಐ ಬರೆದರು. ಅದರ ಒಂದು ಭಾಗವನ್ನಾದರೂ ಇಲ್ಲಿ ಕೊಡದಿದ್ದರೆ ಅನ್ಯಾಯವಾಗುತ್ತದೆ:

"ಈ ದಿನ ಸದರಿ ಮನೆಗೆ ಮೊಬೈಲ್ ಮೂಲಕ ಖುದ್ದು ಭೇಟಿ ನೀಡಿ, ಪಂಚರ ಸಮಕ್ಷಮ ಪರಿಶೀಲಿಸಲಾಗಿ, ಒಳಗೆ ಯಾರೂ ಇಲ್ಲದಿರುವುದು ಕಂಡುಬಂದಿರುತ್ತದೆ. ಸದರಿ ಇಲ್ಲದವರನ್ನು ಮೂರು ಬಾರಿ ಕೂಗಿ ವಿಚಾರಿಸಲಾಗಿ, ಉತ್ತರ ಬಂದಿರುವುದಿಲ್ಲ. ಅವರು ಯಾವುದೇ ತಕರಾರು ಸಲ್ಲಿಸದ ಕಾರಣ, ತಾವು ಇಲ್ಲವೆಂಬುದಕ್ಕೆ ಅವರ ಒಪ್ಪಿಗೆ ಇದೆಯೆಂದು ಭಾವಿಸಲಾಗಿದೆ. ಅಡುಗೆಮನೆಯಲ್ಲಿ ಒಲೆ ಇದ್ದು, ಬೆಂಕಿ ಇರುವುದಿಲ್ಲ. ಹಜಾರದ ಗೋಡೆಯಲ್ಲಿ ಒಂದು ಮೊಳೆ ಇದ್ದು, ಅದಕ್ಕೆ ಏನನ್ನೂ ನೇತುಹಾಕಿರುವುದಿಲ್ಲ. ಚೆಕ್ಕುಬಂದಿ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಬೇಲಿ, ಉತ್ತರಕ್ಕೆ ಮಾತಾಡದ ನೆರೆಯವರು, ದಕ್ಷಿಣಕ್ಕೆ ಮಳೆ."

ಮೊಮ್ಮಗಳು ಇದನ್ನು ಇಂಗ್ಲಿಷಿಗೆ ಮಾಡಿದಳು. "ಸದರಿ" ಬಿಟ್ಟುಬಿಡು ಅಜ್ಜ ಎಂದಳು. ಅಜ್ಜ ಬಿಡಲಿಲ್ಲ.

ಕೌನ್ಸಿಲ್‌ನಿಂದ ಉತ್ತರ ಬಂತು. ಮಹಜರು ತಲುಪಿದೆ, ವಂದನೆಗಳು. ಆದರೆ ಮೀಟರ್ ನೋಡಿದರೆ ಕರೆಂಟು ಖರ್ಚಾಗಿದೆಯಲ್ಲ? ಆಗಿತ್ತು. ಮಹಜರಿಗೆ ಹಾಕಿದ ಲೈಟು ಒಂದು. ಅದರ ಮೇಲೆ, ಅಲ್ಲಿನ ಚಳಿಗೆ ಮನೆಯಲ್ಲಿ ಹೀಟರ್ ಪೂರ್ತಿ ಆರಿಸಿದರೆ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಪೈಪು ಒಡೆಯುತ್ತದೆ. ಹೀಟರ್ ಹಾಕಿದರೆ ಯಾರೋ ಇದ್ದಾರೆ ಅಂತ ಅರ್ಥ. ಹಾಕದಿದ್ದರೆ ಮನೆ ತುಂಬ ನೀರು.

ಅಷ್ಟರಲ್ಲಿ ಇನ್ನೊಂದು ತಮಾಷೆ. ಇದಕ್ಕೂ ಮೊದಲು ಎರಡು ಕಾಗದ ಕಳಿಸಿದ್ದೆವು, ನೀವು ಉತ್ತರ ಕೊಡಲಿಲ್ಲ ಎಂದರಂತೆ. ಎಲ್ಲಿಗೆ ಕಳಿಸಿದ್ದಿರಿ ಎಂದರೆ, ಆ ಖಾಲಿ ಮನೆಗೆ! ಅಳಿಯ ಓಡಿಹೋಗಿ ನೋಡಿದ. ಬಾಗಿಲ ಹಿಂದೆ ಎರಡೂ ಬಿದ್ದಿದ್ದವು. "ಈ ಮನೆಯಲ್ಲಿ ಯಾರೂ ವಾಸವಿಲ್ಲ ಎಂಬುದನ್ನು ಈ ವಿಳಾಸದಿಂದಲೇ ಖಚಿತಪಡಿಸಿ" ಎಂಬ ಧಾಟಿಯ ಕಾಗದಗಳು. ಖಚಿತಪಡಿಸಿದರೆ ಅಲ್ಲಿ ಇದ್ದಾನೆ ಅಂತ ಆಯಿತು. ಖಚಿತಪಡಿಸದಿದ್ದರೆ ಅರ್ಜಿ ವಜಾ.

ನನಗೆ ಸೋಜಿಗ ಅನ್ನಿಸಿದ್ದು ಬೇರೆ. ಇಂಗ್ಲೆಂಡಿನಲ್ಲಿ ಈ ತೆರಿಗೆ ಶುರುವಾದದ್ದು 1993ರಲ್ಲಿ. ಇವತ್ತಿಗೂ ಅಲ್ಲಿ ಮನೆಗಳನ್ನು ಎಂಟು ದರ್ಜೆಗೆ ಹಂಚುವುದು 1991ರ ಏಪ್ರಿಲ್ 1ರ ಬೆಲೆಯ ಮೇಲೆ. ಅಳಿಯನ ಮನೆ ಕಟ್ಟಿ ಹತ್ತು ವರ್ಷವೂ ಆಗಿರಲಿಕ್ಕಿಲ್ಲ. ಆದರೂ 1991ರಲ್ಲಿ ಅದು ಇದ್ದಿದ್ದರೆ ಏನು ಬೆಲೆ ಬಾಳುತ್ತಿತ್ತು ಅಂತ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುತ್ತಾರೆ. ಅವರು ಹುಟ್ಟಿದ ಕೂಸನ್ನು ಹೊಟ್ಟೆಯೊಳಗೆ ಕಳಿಸಿ ಅಳತೆ ತೆಗೆಯುತ್ತಾರೆ. ಇಲ್ಲದ ಕಾಲದಲ್ಲಿ ಇಲ್ಲದ ಮನೆ ಕಣ್ಣಿಗೆ ಕಾಣುತ್ತದೆ, ಇರುವ ಮನೆಯಲ್ಲಿ ಜನ ಇಲ್ಲದಿರುವುದು ಮಾತ್ರ ಕಾಣುವುದಿಲ್ಲ. ಇದೇ ದೇಶ 1696ರಿಂದ 1851ರವರೆಗೆ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿತ್ತು, ಜನ ಕಿಟಕಿಗೇ ಇಟ್ಟಿಗೆ ಇಟ್ಟು ಮುಚ್ಚಿಕೊಂಡರು. ಎಣಿಸುವ ಚಟ ಹಳೆಯದು.

ಖಾಲಿ ಮನೆ ಎಂದರೆ ಏನು ಅಂತ ನೋಡಬೇಕಾದರೆ ಅವರು ತೀರ್ಥಹಳ್ಳಿ ಕಡೆಗೆ ಬರಬೇಕು. ಆಗುಂಬೆ ದಾರಿಯಲ್ಲಿ ನಮ್ಮ ಹಿರಿಯರ ಮನೆ ಇದೆ. ಬೀಗ ಹಾಕಿ ಆರು ವರ್ಷವಾಯಿತು. ಒಬ್ಬೊಬ್ಬರೇ ಬೆಂಗಳೂರಿಗೆ, ಶಿವಮೊಗ್ಗಕ್ಕೆ ಇಳಿದುಹೋದೆವು. ಆ ಮನೆ ಖಾಲಿ ಅನ್ನುವುದಕ್ಕೆ ಒಂದು ಚೀಟಿಯೂ ಇಲ್ಲ, ಬೇಕಾಗಿಯೂ ಇಲ್ಲ. ಮೊದಲು ತಿಳಿಯುವುದು ಮಂಗಗಳಿಗೆ. ಹೆಂಚಿನ ಮೇಲೆ ಹಗಲುಹೊತ್ತೇ ಸಭೆ ಸೇರುತ್ತವೆ. ಆಮೇಲೆ ಒರಲೆಗೆ. ಬಚ್ಚಲ ಒಲೆಗೆ ಬೆಂಕಿ ಹಾಕುವವರಿಲ್ಲದೆ, ಜಂತಿಗೆ ಹೊಗೆ ತಾಗದೆ ಹೋದರೆ ಮೊದಲ ಮಳೆಗಾಲಕ್ಕೇ ಗೋಡೆಗೆ ಬೂಷ್ಟು ಬರುತ್ತದೆ, ಎರಡನೆಯದಕ್ಕೆ ಒರಲೆ ಪಕಾಸಿ ಹಿಡಿಯುತ್ತದೆ. ಬಸ್ಸಿನಲ್ಲಿ ಊರಿನ ಹೆಸರು ಹೇಳಿದರೆ ಸಾಕು, ಕಂಡಕ್ಟರೇ "ಅಲ್ಲೀಗ ಯಾರೂ ಇಲ್ಲ ಸಾರ್" ಎನ್ನುತ್ತಾನೆ. ನನಗೇ ಹೇಳುತ್ತಾನೆ!

ಹಾಗಂತ ನಮ್ಮ ಸರ್ಕಾರ ಕಡಿಮೆ ಏನಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾದಾಗ ಕರೆಂಟ್ ಮೀಟರ್ ಹಿಡಿದು ಮನೆ ಗುರುತಿಸಿ ಚೀಟಿ ಅಂಟಿಸಿದ್ದರು. ನಮ್ಮ ಬೀಗ ಹಾಕಿದ ಬಾಗಿಲಿಗೂ ಒಂದು ಬಿತ್ತು. ಜಡಿಮಳೆಯಲ್ಲಿ ಕೊಡೆ ಹಿಡಿದು, ಜಿಗಣೆ ಕಿತ್ತು ಬಿಸಾಡುತ್ತಾ ಒಬ್ಬ ಮೇಷ್ಟ್ರು ಅಲ್ಲಿತನಕ ನಡೆದುಬಂದರಂತೆ. ಪಾಪ, ಜಗಲಿಯಲ್ಲಿ ಕೂತು ಸುಧಾರಿಸಿಕೊಂಡು ಹೋದರು ಎಂದು ಕೆಳಮನೆಯವರು ಹೇಳಿದರು. ಆರು ವರ್ಷದಲ್ಲಿ ಆ ಜಗಲಿಯಲ್ಲಿ ಕೂತ ನೆಂಟರು ಅವರೊಬ್ಬರೇ.

ಅಳಿಯನ ಕಥೆ ಕೇಳಿದ ಮೇಲೆ ನನಗೂ ಆಸೆಯಾಯಿತು. ಮನೆಗಂದಾಯ ವಸೂಲಿಗೆ ಫೋನ್ ಮಾಡಿದ ಬಿಲ್ ಕಲೆಕ್ಟರ್ ಹತ್ತಿರ, "ಮನೆ ಖಾಲಿ ಇದೆ ಮಾರಾಯ್ರೆ, ಏನಾದರೂ ಬಿಡ್ತೀರಾ?" ಎಂದೆ.

"ಗೋಡೆ ಇದೆಯಲ್ಲ ಸಾರ್?" ಎಂದರು.

ಮೂರು ಸಾಲಿನ ಕಾಗದವಿಲ್ಲ, ಮಹಜರಿಲ್ಲ, ಹೀಟರ್ ಪ್ರಶ್ನೆಯಿಲ್ಲ. ಇದ್ದರೆ ಇಂಥ ಆಡಳಿತ ಇರಬೇಕು ನೋಡಿ. ಎರಡು ನಿಮಿಷದಲ್ಲಿ ದುಡ್ಡು ಕಳಿಸಿದೆ.

ಅಳಿಯನ ಅರ್ಜಿ ಕೊನೆಗೂ ವಜಾ ಆಯಿತು. ಮನೆ ಖಾಲಿ ಇದೆ ಎಂಬುದಕ್ಕೆ ಸಾಕಷ್ಟು ಆಧಾರ ಇಲ್ಲ. ಪೂರ್ತಿ ತೆರಿಗೆ ಕಟ್ಟಿದ. ನಾವೂ ಮರೆತೆವು. ಗಂಡ ಹೆಂಡತಿ ತೀರ್ಮಾನ ಮಾತ್ರ ಹಾಗೇ ಉಳಿಯಿತು.

ಮೊನ್ನೆ ಮತ್ತೆ ಫೋನ್ ಬಂತು. ಇನ್ನೊಂದು ಕಾಗದ ಬಂದಿದೆ ಮಾವ, ಈ ಸಲ ಸರಿಯಾಗಿ ಹೊಸ ಮನೆಗೇ ಬಂದಿದೆ ಎಂದ. ಸಂಗತಿ ಹೀಗೆ: 2024ರ ಏಪ್ರಿಲ್‌ನಿಂದ ಅಲ್ಲಿ ಒಂದು ವರ್ಷಕ್ಕಿಂತ ಜಾಸ್ತಿ ಖಾಲಿ ಬಿದ್ದ ಮನೆಗೆ ಕೌನ್ಸಿಲ್ ಬೇಕಾದರೆ ಎರಡು ಪಟ್ಟು ತೆರಿಗೆ ಹಾಕಬಹುದು. ಐದು ವರ್ಷವಾದರೆ ಮೂರು ಪಟ್ಟು, ಹತ್ತಾದರೆ ನಾಲ್ಕು. ಮನೆಗಳನ್ನು ಸುಮ್ನೆ ಕೊಳೆಹಾಕಬೇಡಿ, ಯಾರಾದರೂ ವಾಸ ಮಾಡಲಿ ಅಂತ. ಉದ್ದೇಶವೇನೋ ಒಳ್ಳೆಯದೇ. ಅಳಿಯನ ಮನೆಗೂ ಎರಡು ಪಟ್ಟು ಬಿದ್ದಿತ್ತು.

ಆರ್‌ಐ ಸಾಹೇಬರಿಗೆ ಹೇಳಿದೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು. ಒಬ್ಬರೇ ವಾಸವಿದ್ದರೆ ಅಲ್ಲಿ ಕಾಲು ಭಾಗ ಮಾಫಿ, ಅದು ಅಳಿಯ ಮೊದಲೇ ಹೇಳಿದ್ದ.

"ಅಂದ್ರೆ ಇಬ್ಬರಿದ್ರೆ ಒಂದು. ಒಬ್ಬರಿದ್ರೆ ಮುಕ್ಕಾಲು. ಯಾರೂ ಇಲ್ದಿದ್ರೆ ಎರಡು. ಇದು ಯಾವ ಮಗ್ಗಿ ಮಾರಾಯ್ರೆ?" ಎಂದರು. ಆಮೇಲೆ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಅದಿರಲಿ, ಖಾಲಿ ಅನ್ನೋದಕ್ಕೆ ಆಧಾರವೇ ಇಲ್ಲ ಅಂದಿದ್ರಲ್ಲ? ಈಗ ಯಾವ ಆಧಾರದ ಮೇಲೆ ಖಾಲಿ ಅಂತಾರೆ? ಕೇಳಿ."

ಫೋನಿನಲ್ಲೇ ಇದ್ದ ಅಳಿಯ. ಕೇಳಿದೆ.

"ನಾನೇ ಕಳಿಸಿದ ಫೋಟೋ ಮಾವ" ಎಂದ. "ಜೊತೆಗೆ ನಿಮ್ಮ ಮಹಜರಿನ ಪ್ರತಿಯನ್ನೂ ಲಗತ್ತಿಸಿದ್ದಾರೆ. ವಿವರವಾಗಿದೆ, ನಂಬಬಹುದು ಅಂತ ಷರಾ ಬೇರೆ ಬರೆದಿದ್ದಾರೆ."

ಆರ್‌ಐ ಸಾಹೇಬರಿಗೆ ಬೇಸರವಾಗಬಹುದು ಅಂತ ಮೆಲ್ಲಗೆ ಹೇಳಿದೆ. ಅವರು ಎದ್ದು ನಿಂತರು. ಒಳಗಿದ್ದ ಹೆಂಡತಿಯನ್ನು, ಮೊಮ್ಮಗಳನ್ನು ಕೂಗಿ ಕರೆದರು. ಆಮೇಲೆ ನನ್ನ ಕೈಯಿಂದ ಫೋನ್ ತೆಗೆದುಕೊಂಡು, ಗಂಟಲು ಸರಿಮಾಡಿಕೊಂಡು ಕೇಳಿದರು:

"ನೋಡಪ್ಪಾ, ಆ ಪ್ರತಿಗೆ ಕಚೇರಿ ಸೀಲು ಬಿದ್ದಿದೆಯಾ? ಬಿದ್ದಿದ್ರೆ ನನಗೊಂದು ಕಳಿಸು. ಫ್ರೇಮ್ ಹಾಕಿಸ್ತೀನಿ."